ಸೋಡಾದ ಡಬ್ಬಿ

ನಮ್ಮ ಜಮಖಂಡಿ ಕಡೆ ಸೋಡಾ ಎಂದರೆ ಮೊದಲು ನೆನಪಾಗುವುದು ಮಿರ್ಚಿ ಭಜಿ. ಹಿಟ್ಟಿಗೆ ಚಿಟಿಕೆ ಬಿದ್ದರೆ ಉಬ್ಬುತ್ತದೆ, ಕೈ ಜಾರಿದರೆ ಎಣ್ಣೆ ಕುಡಿದು ಕೂಡುತ್ತದೆ. ನಮ್ಮ ಮನೆಯಲ್ಲಿ ಆ ಡಬ್ಬಿಗೆ ಬೇರೆ ಕೆಲಸವೇ ಹೆಚ್ಚು. ಚಹಾದ ಕಲೆ ಹಿಡಿದ ಕಪ್ಪುಗಳನ್ನು ಒದ್ದೆ ಬಟ್ಟೆಗೆ ಸೋಡಾ ಹಚ್ಚಿ ತಿಕ್ಕುತ್ತೇನೆ. ಅಲ್ಯುಮಿನಿಯಮ್ ಪಾತ್ರೆಗೆ ಮಾತ್ರ ಮುಟ್ಟಿಸಬೇಡಿ, ಕಪ್ಪಾಗುತ್ತದೆ. ಒಮ್ಮೆ ಸೀರೆಯ ಮೇಲಿನ ಅರಿಷಿಣದ ಕಲೆಗೆ ಹಾಕಿದೆ. ಕಲೆ ಹೋಗುವ ಬದಲು ಕೆಂಪಾಯಿತು! ವಿಜ್ಞಾನ ನನ್ನ ವಿಷಯವಲ್ಲ, ಆದರೂ ಮರುದಿನ ಅದನ್ನೇ ಮಕ್ಕಳಿಗೆ ತೋರಿಸಿದೆ. ಕ್ಷಾರ ತಾಗಿದರೆ ಅರಿಷಿಣ ಕೆಂಪು, ನಿಂಬೆ ಹಿಂಡಿದರೆ ಮತ್ತೆ ಹಳದಿ.

ನನ್ನ ತವರು ಬನಹಟ್ಟಿ. ಅಲ್ಲಿ ನೂಲಿಗೆ ಬಣ್ಣ ಹಾಕುವವರ ಕಾಸ್ಟಿಕ್‌ಗೂ ಸೋಡಾ ಎಂದೇ ಹೆಸರು. ಅದು ಚರ್ಮ ಸುಡುವಂಥದು. ಹಾಗಾಗಿ ನಮ್ಮವ್ವ ಅಡಿಗೆ ಸೋಡಾವನ್ನು ದೂರವೇ ಇಡುತ್ತಿದ್ದಳು. ಅಡಿಗೆಯದಕ್ಕೆ ಅಂಜಬೇಕಿಲ್ಲ ಎಂದು ನಾನು ತಿಳಿದಿದ್ದೆ.

"ಎದಿ ಉರಿಯಾಕತ್ತೈತವ್ವಾ, ಚಿಟಿಕಿ ಸೋಡಾ ಕೊಡು" ಎಂದು ಅತ್ತೆ ರಾತ್ರಿ ಕೇಳುವರು. ನೀರಿಗೆ ಹಾಕಿ ಕೊಡುತ್ತಿದ್ದೆ. ತೇಗು ಬಂದರೆ ಇಬ್ಬರಿಗೂ ಸಮಾಧಾನ. ಚಿಟಿಕೆ ಹೋಗಿ ಚಮಚೆಯಾಯಿತು. ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರೂ ಅವರ ಕಾಲು ಬಾತವು. ಡಾಕ್ಟರರು ಉಪ್ಪಿನ ಬಗ್ಗೆ ಕೇಳಿದಾಗ, ಸಾರಿಗೂ ಹಾಕುವುದಿಲ್ಲವೆಂದು ಹೆಮ್ಮೆಯಿಂದ ಹೇಳಿದೆ. ಸೋಡಾದ ಮಾತು ಆಮೇಲೆ ಬಂತು. ಒಂದು ಚಮಚೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ, ಅಂದರೆ ಅರ್ಧ ಚಮಚೆ ಉಪ್ಪಿನಲ್ಲಿರುವಷ್ಟು. ಸಾರಿನಿಂದ ತೆಗೆದದ್ದನ್ನು ನಾನೇ ಲೋಟದಲ್ಲಿ ಕುಡಿಸುತ್ತಿದ್ದೆ.

ಈಗ ಡಬ್ಬಿ ಪಾತ್ರೆ ತೊಳೆಯುವ ಕಡೆ ಇದೆ. ಅತ್ತೆಗೆ ರಾತ್ರಿ ಬೇಗ ಊಟ, ಉಪ್ಪಿಲ್ಲದ ಮಜ್ಜಿಗೆ. ಮುಖ ಕಿವುಚಿಕೊಂಡೇ ಕುಡಿಯುತ್ತಾರೆ.