ಪುಕ್ಕಟೆಯ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಈ ಎರಡು ಕಾರ್ಯಗಳಲ್ಲಿ ಗೃಹಸ್ಥನ ಗಂಟೂ ತಾಳ್ಮೆಯೂ ಒಟ್ಟಿಗೆ ಕರಗುವವೆಂಬುದು ಅನುಭವಿಗಳೆಲ್ಲ ಬಲ್ಲ ಸಂಗತಿ. ಆದರೆ ಕಟ್ಟದೆಯೇ ಕೈಗೆ ಬಂದ ಮನೆಯ ವಿಷಯವಾಗಿ ಆ ಗಾದೆ ಏನನ್ನೂ ಹೇಳಿಲ್ಲ. ಅಂಥ ಮನೆಯಲ್ಲಿ ಕಷ್ಟವೇನಿದ್ದೀತು? ಗಿಲಾವಿನ ಚಿಂತೆಯಿಲ್ಲ, ಸಾಲ ಕೊಟ್ಟವರ ಕಾಟವಿಲ್ಲ, ಸುಖವಾಗಿ ಒಳಹೊಕ್ಕು ಇರುವದೊಂದೇ ಕೆಲಸವೆಂದು ವಾಚಕರು ಅನ್ನಬಹುದು. ಕೆಲವು ವರ್ಷಗಳ ಕೆಳಗೆ ಕಮಲಾಪುರದಲ್ಲಿ ಅಂಥ ಒಂದು ಮನೆ ಎದ್ದು ನಿಂತುದನ್ನು ಹತ್ತಿರದಿಂದ ಕಾಣುವ ಪ್ರಸಂಗ ನಮಗೆ ಒದಗಿತು. ಅದರ ಗೋಡೆಗಳಿಗಿಂತಲೂ ಅದರ ಸುತ್ತ ಎದ್ದ ಮಾತುಗಳೇ ನಮ್ಮನ್ನು ಹೆಚ್ಚು ವಿಚಾರಕ್ಕೆ ಹಚ್ಚಿದವು. ಅವುಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಕಲಬುರಗಿಯಿಂದ ಹುಮನಾಬಾದದ ದಾರಿ ಹಿಡಿದು, ಮಹಾಗಾಂವ ಕ್ರಾಸು ದಾಟಿ ಮುಂದೆ ಹೋದರೆ ಕಮಲಾಪುರ. 2018ರಲ್ಲಿ ಅದು ತಾಲೂಕಿನ ಊರಾಯಿತು. ಅಲ್ಲಿಯ ಕೆಂಪು ಬಾಳೆಹಣ್ಣಿನ ಹೆಸರು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ಈ ಭಾಗದ ಹಳೆಯ ಬಡಮನೆಗಳು ಕಲ್ಲುಮಣ್ಣಿನ ಗೋಡೆಯ ಮೇಲೆ ತೊಲೆಜಂತಿಗಳನ್ನು ಹೊದಿಸಿ, ಮೇಲೆ ಮಣ್ಣು ಬಡಿದು ಮಾಡಿದ ಮಾಳಿಗೆಗಳು. ಬೇಸಗೆಯಲ್ಲಿ ಬಿಸಿಲು 42 ಡಿಗ್ರಿಗೆ ಏರಿದರೂ ಅವುಗಳ ಒಳಗೆ ತಂಪು ಇರುವದು. ವರುಷಕ್ಕೊಮ್ಮೆ ಮಳೆಗಾಲದ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ಬಡಿಯುವ ಗಂಡಾಳು ಮನೆಯಲ್ಲಿದ್ದರೆ ಅವು ತಲೆಮಾರುಗಟ್ಟಲೆ ಬಾಳುವವು. ಆಳು ಇಲ್ಲವಾದರೆ ಮೊದಲು ಸೋರುವವು, ತರುವಾಯ ಬಾಗುವವು, ಕಡೆಗೊಂದು ದಿನ ಕೂಡ್ರುವವು.

ನಾವು ಹೇಳಹೊರಟ ಮನೆಯಲ್ಲಿ ಗಂಡಾಳು ಬೇನೆಯಿಂದ ತೀರಿಹೋಗಿ ಆರು ವರ್ಷಗಳಾಗಿದ್ದವು. ಉಳಿದವರು ಆತನ ಹೆಂಡತಿ, ಮುದಿಯಾದ ಅತ್ತೆ, ಒಬ್ಬ ಮಗ, ಒಬ್ಬ ಮಗಳು. ಆ ತಾಯಿ ಸುಗ್ಗಿಯಲ್ಲಿ ತೊಗರಿಯ ಹೊಲಕ್ಕೆ ಕೂಲಿಗೆ ಹೋಗುವಳು. ಉಳಿದ ದಿನಗಳಲ್ಲಿ ಜೋಳದ ಖಡಕ್ ರೊಟ್ಟಿ ಬಡಿದು ಮಾರುವಳು. 2020ರ ಅಕ್ಟೋಬರದ ನಡುವೆ ಬಂಗಾಲ ಉಪಸಾಗರದಲ್ಲಿ ಹುಟ್ಟಿದ ವಾಯುಭಾರ ಕುಸಿತವು ತೆಲಂಗಾಣವನ್ನು ಹಾಯ್ದು ನಮ್ಮ ಜಿಲ್ಲೆಯ ಮೇಲೆ ಬಂದಿತು. ಹೈದರಾಬಾದು ನಗರವನ್ನು ಮುಳುಗಿಸಿದ ಮಳೆಯದೇ. ಆಗ ಕಲಬುರಗಿ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ನೆಲಹಿಡಿದವು. ಈಕೆಯ ಹಿಂದಿನ ಗೋಡೆ ನಡುರಾತ್ರಿಯಲ್ಲಿ ಬಿದ್ದಿತು. ಎಲ್ಲರೂ ಪಡಸಾಲೆಯಲ್ಲಿ ಮಲಗಿದ್ದರಿಂದ ಜೀವಹಾನಿಯಾಗಲಿಲ್ಲ. ನೆರೆಯವರು ಆ ಕತ್ತಲೆಯಲ್ಲಿಯೇ ಬಂದು ಮುದುಕಿಯನ್ನು ಎತ್ತಿಕೊಂಡು ಹೋದರು, ಹಿಟ್ಟಿನ ಡಬ್ಬಿಯನ್ನೂ ಪಾತ್ರೆಗಳನ್ನೂ ಹೊರಗೆ ತೆಗೆದರು. ಈ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಡದ ಮಾತಾಡಿದವರೂ ಇದೇ ನೆರೆಯವರೇ.

2019ರ ನೆರೆಯ ತರುವಾಯ ರಾಜ್ಯಸರಕಾರವು ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಪಡಿಸಿದ್ದಿತು. ಆದರೆ ಈ ಮನೆ ಕಾಗದದಲ್ಲಿ ಗತಿಸಿದ ಅಜ್ಜನ ಹೆಸರಿನಲ್ಲಿಯೇ ಉಳಿದಿದ್ದಿತು. ಪಾಲುದಾರರು ಮೂರು ಊರುಗಳಲ್ಲಿ ಹಂಚಿಹೋಗಿದ್ದರು. ಅವರ ಒಪ್ಪಿಗೆಗಳು ಕೂಡಿಬರುವಷ್ಟರಲ್ಲಿ ಅರ್ಜಿಯ ಕಾಲ ಮೀರಿತು. ತಾಯಿಮಕ್ಕಳು ಬಿದ್ದ ಗೋಡೆಗೆ ತಗಡು ಒರಗಿಸಿಕೊಂಡು ಎರಡು ಮಳೆಗಾಲ ಕಳೆದರು. ಹಿಟ್ಟು ತಂಪು ಹಿಡಿದರೆ ರೊಟ್ಟಿ ಬರಕತ್ತಾಗುವದಿಲ್ಲ. ರೊಟ್ಟಿಯಿಲ್ಲದ ದಿನ ದುಡ್ಡಿಲ್ಲ. ಈ ಸಂಗತಿ ಕಲಬುರಗಿಯ ಕೆಲವು ಗೃಹಸ್ಥರ ಕಿವಿಗೆ ಬಿದ್ದಿತು. ಅವರಲ್ಲಿ ನಮ್ಮ ಬೀಗರೂ ಒಬ್ಬರು. ಎಲ್ಲರೂ ವಂತಿಗೆ ಕೂಡಿಸಿ, ಮೊದಲು ಪಾಲುದಾರರ ಸಹಿ ತಂದು ಜಾಗವನ್ನು ಆ ತಾಯಿಯ ಹೆಸರಿಗೆ ಮಾಡಿಸಿ, ಆಮೇಲೆ ಪಾಯ ತೆಗೆಸಿದರು. ಎರಡು ಕೋಣೆ, ಒಂದು ಅಡುಗೆಮನೆ, ಬಚ್ಚಲು, ಪಾಯಖಾನೆ, ನೆಲಕ್ಕೆ ಶಹಾಬಾದದ ಪರಸಿ, ಮೇಲೆ ಸಿಮೆಂಟಿನ ಛತ್ತು. ಓಣಿಯ ಹುಡುಗರು ಹಳೆಯ ಮಣ್ಣನ್ನು ಹೊತ್ತುಹಾಕಿದರು. ನಲ್ಲಿಗೆ ನೀರು ಬಾರದ ದಿನ ಎದುರುಮನೆಯವರು ತಮ್ಮ ಬೋರಿನ ನೀರು ಬಿಟ್ಟರು. ಗೃಹಪ್ರವೇಶದ ದಿನ ಓಣಿಯೆಲ್ಲ ಹುಗ್ಗಿ ಉಂಡಿತು.

ಮಾತು ಸುರುವಾದದ್ದು ಅದರ ಮರುವಾರದಿಂದ. ಮೊದಲು ಒಬ್ಬರು, “ಅವರ ಹುಡುಗನ ಕೈಯಾಗ ಮೊಬೈಲ್ ಅದ, ಬಡವರು ಹ್ಯಾಂಗ ಆದರು?” ಎಂದರು. ಆ ಮೊಬೈಲು ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಪಾಠ ಕೇಳುವದಕ್ಕಾಗಿ ಕಂತಿನ ಮೇಲೆ ಕೊಂಡದ್ದು. ಇನ್ನೊಬ್ಬರು ದಾನಿಗಳ ಜಾತಿಯನ್ನು ಹುಡುಕಿದರು. ಮತ್ತೊಬ್ಬರು ಸತ್ತ ಯಜಮಾನನು ಬದುಕಿದ್ದಾಗ ಹಬ್ಬಕ್ಕೆ ಎಷ್ಟು ಖರ್ಚು ಮಾಡುತ್ತಿದ್ದನೆಂಬ ಲೆಕ್ಕ ತೆಗೆದರು. ಆ ಬೇಸಗೆಯಲ್ಲಿ ಮುದುಕಿಯ ಸಲುವಾಗಿ ಒಂದು ಹಳೆಯ ಪಂಖ ತಂದು ಹಾಕಿದಾಗಂತೂ, ಪುಕ್ಕಟೆಯ ಮನೆಯವರಿಗೆ ಗಾಳಿಯೂ ಪುಕ್ಕಟೆಯೋ ಎಂಬ ನಗೆ ಕಟ್ಟೆಯ ಮೇಲೆ ಎದ್ದಿತಂತೆ.

ಇದು ಹಳ್ಳಿಯ ಕುಚೋದ್ಯವೆಂದು ನಗರದ ವಾಚಕರು ತಳ್ಳಿಹಾಕಬಾರದು. ಕಲಬುರಗಿಯಲ್ಲಿ ವಂತಿಗೆ ಕೊಟ್ಟವರ ಪಡಸಾಲೆಗಳಲ್ಲಿಯೂ ಮಾತು ನಡೆದಿತ್ತು. ಭಾಷೆ ಮಾತ್ರ ಹೆಚ್ಚು ನಯವಾದದ್ದು. “ನಿಜವಾಗಿ ಅರ್ಹರೋ?” ಎಂದು ಕೇಳಿದವರು ಕೆಲವರು. ಮನೆ ಚೊಕ್ಕಟವಾಗಿ ಇಟ್ಟಿರುವರೋ ಇಲ್ಲವೋ ನೋಡಿಬರಬೇಕೆಂದವರು ಕೆಲವರು. ರವಿವಾರ ಮೋಟಾರಿನಲ್ಲಿ ಹೋಗಿ, ಮನೆಮಂದಿಯನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಂಡು ಬಂದವರೂ ಉಂಟು. ಒಬ್ಬರು ದಾನಿಗಳೆಲ್ಲರ ಹೆಸರುಗಳನ್ನು ಕೆತ್ತಿ ಮುಂಗೋಡೆಗೆ ಹಾಕಿಸಬೇಕೆಂದು ಒಂದು ಕಲ್ಲನ್ನು ಸಹ ಕಳುಹಿಸಿದ್ದರು.

ಆ ತಾಯಿ ಒಂದು ದಿನ ರೊಟ್ಟಿ ಕೊಡಲು ನಮ್ಮ ಮನೆಗೆ ಬಂದಾಗ ನಮ್ಮ ಮನೆಯಾಕೆಯ ಮುಂದೆ ಹೇಳಿದ ಮಾತು ಇದು: “ಮನಿಗಿ ಬಾಗಲಾ ಛಲೋ ಹಚ್ಚ್ಯಾರ್ರೀ ಅಕ್ಕಾರ. ಮುಚ್ಚಿದರ ಮಂದಿ ಸೊಕ್ಕು ಅಂತಾರ, ತೆಗೆದರ ಒಳಗ ಏನೇನದ ಅಂತ ಎಣಿಸತಾರ.” ಮಗಳು ಕಾಲೇಜಿನಿಂದ ಒಂದು ಸಂಜೆ ಅಳುತ್ತ ಬಂದಳಂತೆ. ಓರಗೆಯ ಹುಡುಗಿಯೊಬ್ಬಳು ಅವಳನ್ನು ದಾನದ ಮನೆಯವಳೆಂದು ಕರೆದಿದ್ದಳು. ಅಂದಿನಿಂದ ಗೆಳತಿಯರನ್ನು ಮನೆಗೆ ಕರೆಯುವದನ್ನು ಆ ಹುಡುಗಿ ಬಿಟ್ಟಳು. ತಗಡಿನ ಮರೆಯಲ್ಲಿ ಇದ್ದಾಗ ಬಂದುಹೋಗುತ್ತಿದ್ದ ಗೆಳತಿಯರು ಪರಸಿಯ ನೆಲದ ಮೇಲೆ ಕಾಲಿಡದಂತಾಯಿತು. ನೆರವು ಕೊಟ್ಟವರ ಉದ್ದೇಶ ಇದಾಗಿತ್ತೇ?

ಈ ಮಾತುಗಳನ್ನು ಬರಿಯ ಮತ್ಸರವೆಂದು ಹೆಸರಿಟ್ಟು ಸುಮ್ಮನಾಗುವದು ಸುಲಭ. ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ಮಾತಾಡುತ್ತಿದ್ದ ಬಲಮಗ್ಗುಲ ಮನೆಯ ಮುದುಕಿಯನ್ನು ನಾವು ಒಮ್ಮೆ ಕಂಡೆವು. ಆಕೆಯ ಮಾಳಿಗೆಯೂ ಒಂದು ಮೂಲೆಗೆ ಬಾಗಿದೆ. ನಾಲ್ಕು ಕಡೆ ಬುಟ್ಟಿ ಪಾತ್ರೆ ಇಟ್ಟು ಸೋರುವ ನೀರು ಹಿಡಿಯುತ್ತಾಳೆ. ಆಕೆ ಹೇಳಿದಳು: “ಯಪ್ಪಾ, ಅಕಿ ಮನಿ ಆಗಬಾರದಿತ್ತು ಅಂತ ನಾ ಎಂದೂ ಅಂದಿಲ್ಲ. ನಂದೂ ಸೋರತದ. ಅದನ್ನ ಯಾರೂ ಬಂದು ನೋಡಲಿಲ್ಲ, ಅಷ್ಟ ಅಂದೀನಿ.” ಈ ಮಾತಿನಲ್ಲಿ ವಿಷವೆಲ್ಲಿದೆ? ಹತ್ತು ಮನೆ ಸೋರುವ ಓಣಿಯಲ್ಲಿ ಒಂದೇ ಮನೆಗೆ ಛತ್ತು ಬಂದರೆ ಉಳಿದ ಒಂಬತ್ತರ ಸೋರಿಕೆ ಹೆಚ್ಚಾಗದಿದ್ದರೂ ಅದರ ಸಪ್ಪಳ ಹೆಚ್ಚು ಕೇಳಿಸುವದು. ಆ ಸಂಕಟ ನಿಜವಾದದ್ದು. ಅದು ಹೋಗಿ ತಟ್ಟಬೇಕಾದ ಬಾಗಿಲು ಬೇರೆ. ಹತ್ತಿರದ್ದೆಂದು ನೆರೆಯವಳ ಬಾಗಿಲನ್ನು ತಟ್ಟುತ್ತದೆ.

ಯಾರು ಅರ್ಹರೆಂದು ಅಳೆಯುವ ಕೆಲಸ ಸರಕಾರಗಳಿಗೂ ಸುಲಭವಾಗಿಲ್ಲ. ನಮ್ಮ ಆಳಂದದ ಗಡಿಯಾಚೆ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸಪ್ಟಂಬರ 30ರ ನಸುಕಿನಲ್ಲಿ ಭೂಮಿ ನಡುಗಿತು. ಆ ನಡುಕವನ್ನು ಕಲಬುರಗಿಯ ಹಿರಿಯರು ಇಂದಿಗೂ ಮರೆತಿಲ್ಲ. ಭಾರವಾದ ಮಣ್ಣಿನ ಮಾಳಿಗೆಗಳೂ ಕಲ್ಲುಗೋಡೆಗಳೂ ಮಲಗಿದ್ದವರ ಮೇಲೆ ಬಿದ್ದು ಸಾವಿರಾರು ಜನರು ಮಡಿದರು. ಐವತ್ತಕ್ಕೂ ಮಿಕ್ಕಿದ ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಅಲ್ಲಿ ಮನೆಯ ಅಳತೆಯನ್ನು ಗೊತ್ತುಮಾಡಿದ್ದು ಭೂಮಿಯ ಲೆಕ್ಕದಿಂದ: ಹೊಲವಿಲ್ಲದವರಿಗೂ ಸಣ್ಣ ಹಿಡುವಳಿಯವರಿಗೂ 250 ಚದರಡಿ, ನಡುವಿನವರಿಗೆ 400, ದೊಡ್ಡ ಜಮೀನುದಾರರಿಗೆ 750. ಎಲ್ಲರ ಮನೆಯೂ ಒಂದೇ ಗಳಿಗೆಯಲ್ಲಿ ಮಣ್ಣಾಗಿದ್ದರೂ, ಮೊದಲು ಹೆಚ್ಚಿದ್ದವನಿಗೆ ಪುಕ್ಕಟೆಯಾಗಿ ಬಂದದ್ದೂ ಹೆಚ್ಚೇ. 2016ರಲ್ಲಿ ಸುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಗೆ 2011ರ ಸಾಮಾಜಿಕ ಆರ್ಥಿಕ ಗಣತಿಯೇ ಮೊದಲ ಆಧಾರವಾಯಿತು. ಗಣತಿಯ ವರ್ಷ ಗಟ್ಟಿಯಾಗಿದ್ದ ಗೋಡೆ ಮುಂದೆ ಬಿರಿದರೆ ಪಟ್ಟಿಗೆ ಅದು ಹೇಗೆ ಕಂಡೀತು? ಅದಕ್ಕಾಗಿಯೇ ಪಟ್ಟಿಯನ್ನು ಗ್ರಾಮಸಭೆಯ ಮುಂದೆ ಇಡಬೇಕೆಂಬ ನಿಯಮವನ್ನು ಮಾಡಿದ್ದಾರೆ. ಆ ಸಭೆಗೆ ಹೋಗಿ ಬಾಯಿಬಿಡುವವರು ಕೆಲವರೇ; ಕಟ್ಟೆಯ ಮೇಲೆ ಬಾಯಿಬಿಡುವವರು ಅನೇಕರು.

ಇನ್ನು ಅರ್ಹತೆಯ ಪ್ರಶ್ನೆಯನ್ನು ನಾವು ಗೃಹಸ್ಥರು ನಮ್ಮ ಕಡೆಗೂ ತಿರುಗಿಸಿಕೊಳ್ಳಬೇಕು. ನಾವು ವಾಸವಾಗಿರುವ ಮನೆಯನ್ನು ನಮ್ಮ ತಂದೆಯವರು ಕಟ್ಟಿಸಿದರು. ಜಾಗ ಅವರ ತಂದೆಯವರದು. ನಾವು ಸುಣ್ಣ ಬಳಿಸಿದ್ದೇವೆ, ಮೇಲೆ ಒಂದು ಕೋಣೆ ಹೆಚ್ಚಿಸಿದ್ದೇವೆ, ಇಷ್ಟೇ. ಹಾಗಾದರೆ ನಮ್ಮದೂ ಪುಕ್ಕಟೆಯ ಮನೆಯೇ ಅಲ್ಲವೇ? ಆದಾಗ್ಯೂ ನಾವು ಪಂಖ ಹಾಕಿದಾಗ ಯಾರೂ ನಗಲಿಲ್ಲ. ನಮ್ಮ ಮಕ್ಕಳ ಮೊಬೈಲನ್ನು ಯಾರೂ ಎಣಿಸಲಿಲ್ಲ. ಸೊಸೈಟಿಯ ಬಡ್ಡಿ ಕಡಿಮೆಯ ಸಾಲದಿಂದ ಕಟ್ಟಿಸಿದವರು, ಮಾವನ ಮನೆಯ ನೆರವಿನಿಂದ ಕಟ್ಟಿಸಿದವರು, ಸರಕಾರಿ ನಿವೇಶನವನ್ನು ಅಗ್ಗದಲ್ಲಿ ಪಡೆದವರು ನಮ್ಮ ಬೀದಿಯಲ್ಲಿಯೇ ಬೇಕಾದಷ್ಟು ಜನರಿದ್ದಾರೆ. ತಂದೆಯಿಂದ ಬಂದರೆ ಆಸ್ತಿ, ನೆರೆಯವರಿಂದ ಬಂದರೆ ದಾನ ಎಂದು ಹೆಸರು ಬೇರೆಯಾಯಿತು. ಬೆವರಿನ ಲೆಕ್ಕ ನೋಡಿದರೆ ಬಿಸಿಹಂಚಿನ ಮುಂದೆ ಹತ್ತು ತಾಸು ಕೂಡ್ರುವ ಆ ತಾಯಿಗಿಂತ ನಾವು ಹೆಚ್ಚು ಅರ್ಹರೆಂದು ಹೇಳುವ ಧೈರ್ಯ ನಮಗಿಲ್ಲ.

ನಮ್ಮ ಕಲಬುರಗಿ ದಾಸೋಹದ ಊರು. ಅರಳಗುಂಡಗಿಯಲ್ಲಿ ಹುಟ್ಟಿ ಇಲ್ಲಿಗೆ ಬಂದು ನೆಲೆಸಿದ ಶರಣಬಸವೇಶ್ವರರು ಎರಡು ಶತಮಾನಗಳ ಹಿಂದೆ ನಡೆಯಿಸಿದ ಪಂಕ್ತಿ ಇಂದಿಗೂ ನಿಂತಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಸೂಕ್ಷ್ಮವಾಗಿ ಕಂಡಿದ್ದರು. ದಾನದಲ್ಲಿ ಕೊಡುವವನ ಕೈ ಮೇಲಿರುವದು. ದಾಸೋಹದಲ್ಲಿ ಕೊಡುವವನೇ ದಾಸನು. ಪಂಕ್ತಿಯಲ್ಲಿ ಕೂತವನ ಹಸಿವೆಯನ್ನು ಯಾರೂ ತೂಗುವದಿಲ್ಲ, ಉಂಡೆದ್ದವನ ಬೆನ್ನ ಮೇಲೆ ಹೆಸರು ಬರೆಯುವದೂ ಇಲ್ಲ. ವಂತಿಗೆಯ ಗುಂಪಿನಲ್ಲಿದ್ದ ಹಿರಿಯರೊಬ್ಬರು ಈ ಮಾತನ್ನು ಎತ್ತಿ, ಹೆಸರು ಕೆತ್ತಿಸಲು ಬಂದಿದ್ದ ಕಲ್ಲನ್ನು ಹಾಗೆಯೇ ಬೋಳಾಗಿ ಹಿತ್ತಲಿಗೆ ಸಾಗಿಸಿದರು. ಈಗ ಅದು ಅರಿವೆ ಒಗೆಯುವ ಕಲ್ಲಾಗಿದೆ. ರವಿವಾರದ ಫೋಟೋಗಳೂ ಅಂದಿಗೆ ನಿಂತವು.

ಓಣಿಯ ಮಾತನ್ನು ಕಡಿಮೆ ಮಾಡಿದವಳು ಮಾತ್ರ ಆ ತಾಯಿಯೇ. ಮುಂದಿನ ಮಳೆಗಾಲದಲ್ಲಿ ಬಲಮಗ್ಗುಲ ಮುದುಕಿಯ ಜೋಳದ ಚೀಲಗಳು ನೆನೆಯತೊಡಗಿದಾಗ, ಕರೆಯದಿದ್ದರೂ ಹೋಗಿ, ಮಗನ ಕೈಯಿಂದ ಅವನ್ನು ಹೊರಿಸಿ ತನ್ನ ಕೋಣೆಯಲ್ಲಿ ಇಡಿಸಿದಳು. ಜಾಗದ ಕಾಗದಗಳಿಗಾಗಿ ತಾನು ಅಲೆದ ದಾರಿ ಅವಳಿಗೆ ಬಾಯಿಪಾಠವಾಗಿತ್ತು. ಮುದುಕಿಯ ಹಳೆಯ ಉತಾರವನ್ನು ಹುಡುಕಿಸಿ, ಕೈಹಿಡಿದು ಕಚೇರಿಗೆ ಕರೆದುಕೊಂಡು ಹೋಗಿ ಮನೆಯ ಅರ್ಜಿ ಹಾಕಿಸಿದಳು. ಆ ಅರ್ಜಿ ಇನ್ನೂ ಸರದಿಯಲ್ಲಿದೆ. ಆದರೆ ಮುದುಕಿ ಈಗ ಮಧ್ಯಾಹ್ನದ ಹೊತ್ತನ್ನು ಆ ಪಂಖದ ಕೆಳಗೇ ಕಳೆಯುತ್ತಾಳೆ; ಆ ಮನೆಯ ಮೇಲೆ ಯಾರಾದರೂ ಆಡಿದರೆ ಮೊದಲು ಗದರಿಸುವವಳೂ ಅವಳೇ.

ಇಷ್ಟರಿಂದ ನಮಗೆ ತೋರಿದ ಕೆಲವು ಮಾತುಗಳನ್ನು ಗೃಹಸ್ಥರ ಮುಂದಿಟ್ಟು ಮುಗಿಸುತ್ತೇವೆ. ಬಡವರಿಗೆ ಮನೆ ಕಟ್ಟಿಸಿಕೊಡುವವರು ಗೋಡೆಗಿಂತ ಮೊದಲು ಕಾಗದವನ್ನು ಗಟ್ಟಿ ಮಾಡಿಸಬೇಕು, ಅದೂ ಮನೆಯ ಹೆಣ್ಣುಮಗಳ ಹೆಸರಿನಲ್ಲಿ. ಆ ಒಂದು ಮನೆಯನ್ನು ನೋಡಲು ಹೋದವರು ಅಕ್ಕಪಕ್ಕದ ಮಾಳಿಗೆಗಳನ್ನೂ ಕತ್ತೆತ್ತಿ ನೋಡಬೇಕು. ಎಲ್ಲವನ್ನೂ ಕಟ್ಟಿಸಲಾಗದಿದ್ದರೂ ಒಂದು ಅರ್ಜಿ ಬರೆದುಕೊಡುವದು, ನಾಲ್ಕು ತಗಡು ಕೊಡಿಸುವದು ಆಗದ ಕೆಲಸವಲ್ಲ. ಕೊಟ್ಟಾದ ಮೇಲೆ ಬೀಗದ ಕೈಯ ಜೊತೆಗೆ ಎಣಿಸುವ ಹಕ್ಕನ್ನೂ ಬಿಟ್ಟುಕೊಡಬೇಕು. ಆ ಮನೆಯವರು ಪಂಖ ಕೊಳ್ಳಲಿ, ಹಬ್ಬಕ್ಕೆ ಹೋಳಿಗೆ ಮಾಡಲಿ, ಮನಸ್ಸು ಬಂದಾಗ ಬಾಗಿಲು ಮುಚ್ಚಿಕೊಳ್ಳಲಿ. ಬಾಗಿಲು ಮುಚ್ಚಿಕೊಳ್ಳುವದಕ್ಕಾಗಿಯೇ ಮನುಷ್ಯನು ಮನೆ ಕಟ್ಟುವದು.

ಆ ಹುಡುಗಿ ಈ ವರ್ಷ ದಸರೆಗೆ ಇಬ್ಬರು ಗೆಳತಿಯರನ್ನು ಊಟಕ್ಕೆ ಕರೆದಿದ್ದಳೆಂದು ಮೊನ್ನೆ ರೊಟ್ಟಿ ತಂದಾಗ ಆ ತಾಯಿ ಹೇಳಿದಳು.