ಕಡಲು ಕಾಣದ ಬಯಲಿನಲ್ಲಿ ಕಡಲಿನ ಲೆಕ್ಕ

ಹಿರಿಯೂರಿನಲ್ಲಿ ಪುಣೆಯ ಹೆದ್ದಾರಿಯನ್ನು ಬಿಟ್ಟು ಬಳ್ಳಾರಿಯ ದಾರಿಯನ್ನು ಹಿಡಿದ ಪ್ರವಾಸಿಯನ್ನು ಮೊದಲು ಎದುರುಗೊಳ್ಳುವುದು ಗಾಳಿ. ಆಷಾಢದ ದಿನಗಳಲ್ಲಂತೂ ಅದು ಪಡುವಣದಿಂದ ಒಂದೇ ಸಮನೆ ಬೀಸುತ್ತಿರುತ್ತದೆ. ತಲೆಯ ಮೇಲೆ ಮೋಡಗಳು ಹಿಂಡು ಹಿಂಡಾಗಿ ಓಡುತ್ತವೆ. ನೆಲಕ್ಕೆ ನಾಲ್ಕು ಹನಿ ಉದುರಿದರೆ ಅದೇ ಹೆಚ್ಚು. ಅರಬ್ಬೀ ಸಮುದ್ರದ ನೀರನ್ನು ಹೊತ್ತು ತಂದ ಈ ಮೋಡಗಳು ಸಹ್ಯಾದ್ರಿಯ ಆಚೆಯ ಮಗ್ಗುಲಲ್ಲಿಯೇ ಹೊರೆಯನ್ನು ಇಳಿಸಿ, ಹಗುರಾಗಿ, ಚಳ್ಳಕೆರೆಯ ಬಯಲನ್ನು ದಾಟಿಹೋಗುತ್ತವೆ. ಪಡುವಣ ಕಡಲು ಇಲ್ಲಿಂದ 200 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಮೂಡಣ ಕಡಲು 350ಕ್ಕೂ ಆಚೆ. ಆದರೂ ಕರ್ನಾಟಕದಲ್ಲಿ ಕಡಲಿನ ಮರ್ಜಿಯನ್ನು ಇಷ್ಟು ಕಾತರದಿಂದ ಕಾಯುವ ಸೀಮೆ ಇನ್ನೊಂದಿರಲಾರದು.

ಚಳ್ಳಕೆರೆ ಎಣ್ಣೆಯ ಊರು. ಶೇಂಗಾ ಬೆಳೆದರೆ ಗಾಣ ತಿರುಗುತ್ತದೆ, ಗಾಣ ತಿರುಗಿದರೆ ಪೇಟೆ ಬೆಳಗುತ್ತದೆ. ಊರಿನಾಚೆ, ನಾಯಕನಹಟ್ಟಿಯ ಕಡೆಯ ಕುದಾಪುರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು 1,500 ಎಕರೆಗಳಲ್ಲಿ ಹರಡಿಕೊಂಡಿದೆ. ಶಾಲಾಕಾಲೇಜುಗಳ ವಿಜ್ಞಾನ ಶಿಕ್ಷಕರು ಇಲ್ಲಿಗೆ ಬಂದು ತಂಗಿ, ಪ್ರಯೋಗಗಳನ್ನು ತಮ್ಮ ಕೈಯಿಂದಲೇ ಮಾಡಿ ಕಲಿತು ಹೋಗುತ್ತಾರೆ. ಇದೇ ಆವರಣದಲ್ಲಿ ಹವಾಗುಣವನ್ನು ಅಳೆಯುವ ವೀಕ್ಷಣಾಲಯವೊಂದಿದೆ. ನಗರದ ಹೊಗೆ ಸುಳಿಯದ ಬಯಲು ಎಂಬುದೇ ಈ ಸ್ಥಳದ ಯೋಗ್ಯತೆ. ಬಿಸಿಲಿನ ತೀಕ್ಷ್ಣತೆ, ಗಾಳಿಯಲ್ಲಿ ತೇಲುವ ಧೂಳು, ಮಸಿಯ ಕಣ, ಇವುಗಳ ಲೆಕ್ಕವನ್ನು ಉಪಕರಣಗಳು ಹಗಲಿರುಳು ಬರೆಯುತ್ತಿರುತ್ತವೆ. ಮಸಿಯನ್ನು ಅಳೆಯುವ ಯಂತ್ರದೊಳಗೆ ಬಿಳಿಯ ಪಟ್ಟಿಯೊಂದು ಸರಿಯುತ್ತದೆ. ಗಾಳಿಯನ್ನು ಅದರ ಮೂಲಕ ಹಾಯಿಸಿದಂತೆ ಕಪ್ಪು ಚುಕ್ಕೆ ಮೂಡುತ್ತದೆ. ಚುಕ್ಕೆ ಎಷ್ಟು ಬೇಗ ಕಪ್ಪಾಯಿತೆಂಬುದೇ ಮಸಿಯ ಅಳತೆ.

ಇದೇ ಬಗೆಯ ಯಂತ್ರಗಳು ಕಡಲನ್ನೂ ಕಂಡಿವೆ. 2006ರ ಬೇಸಗೆಯಲ್ಲಿ 'ಸಾಗರ ಕನ್ಯಾ' ಎಂಬ ಸಂಶೋಧನಾ ನೌಕೆಯು ಬಂಗಾಳ ಕೊಲ್ಲಿಯಲ್ಲಿಯೂ ಅರಬ್ಬೀ ಸಮುದ್ರದಲ್ಲಿಯೂ ತಿರುಗಿ ಗಾಳಿಯ ಕಣಗಳನ್ನು ಅಳೆಯಿತು. ಹಡಗಿನಲ್ಲಿ ಈ ಕೆಲಸಕ್ಕೆ ಒಂದು ವಿಚಿತ್ರ ತೊಡಕುಂಟು: ಹಡಗಿಗೂ ಹೊಗೆಗೊಳವಿ ಇದೆ! ಗಾಳಿಯು ಹಿಂದಿನಿಂದ ಬೀಸಿದಾಗ ದಾಖಲಾದುದನ್ನೆಲ್ಲ ಬೇರೆ ತೆಗೆದಿಡಬೇಕು. ಇಲ್ಲವಾದರೆ ಸಮುದ್ರವನ್ನು ಅಳೆಯಲು ಹೋದವರು ತಮ್ಮ ಅಡಿಗೆಮನೆಯ ಹೊಗೆಯನ್ನು ಅಳೆದುಕೊಂಡು ಬಂದಂತಾದೀತು. ಅದನ್ನು ಗಮನಿಸುವ ಹೊಣೆ ಸಾಮಾನ್ಯವಾಗಿ ತಂಡದ ಕಿರಿಯ ಸಹಾಯಕನದು.

ಸಂಶೋಧನಾ ಸಹಾಯಕನೆಂದರೆ ಪ್ರಯೋಗಾಲಯದ ತಂಪಿನಲ್ಲಿ ಕುಳಿತವನೆಂದು ವಾಚಕರು ಭಾವಿಸಬಾರದು. 2016ರ ಜೂನ್ ಕೊನೆಯಲ್ಲಿ 'ಸಿಂಧು ಸಾಧನಾ' ನೌಕೆಯು ಚೆನ್ನೈಯಿಂದ ಹೊರಟು, ಮುಂಗಾರು ಕೆರಳಿದ್ದ ಕಾಲದಲ್ಲಿಯೇ ಒಂದು ತಿಂಗಳು ಬಂಗಾಳ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಕಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯವರೂ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳವರೂ ಕೂಡಿ ನಡೆಸಿದ ಯಾತ್ರೆ ಅದು. ಇಂಥ ಯಾತ್ರೆಗಳಲ್ಲಿ ಸೀಸೆಗಳ ಗೊಂಚಲೊಂದನ್ನು ಉಕ್ಕಿನ ಹಗ್ಗದಲ್ಲಿ ನೀರಿಗಿಳಿಸುವರು. ಅದರೊಡನೆ ಇಳಿಯುವ ಉಪಕರಣವು ಆಳ ಆಳದಲ್ಲಿಯೂ ಉಪ್ಪಿನ ಪ್ರಮಾಣವನ್ನೂ ಉಷ್ಣತೆಯನ್ನೂ ತಿಳಿಸುತ್ತದೆ. ಅರ್ಧರಾತ್ರಿಯಾಗಲಿ, ಮಳೆಯಾಗಲಿ, ಸರದಿ ಬಂದವನು ಎದ್ದು ಬರಲೇಬೇಕು. ಹೊಟ್ಟೆ ತೊಳಸುತ್ತಿದ್ದರೂ ಅಂಕಿ ತಪ್ಪುವಂತಿಲ್ಲ. ಹೊಯ್ದಾಡುವ ಹಡಗಿನಿಂದ ಬೆಲೂನನ್ನು ಹಾರಿಸುವುದಂತೂ ಒಂದು ಮಲ್ಲಯುದ್ಧವೇ ಸರಿ.

ಈ ಶ್ರಮವೆಲ್ಲ ಏತಕ್ಕೆ? ಮುಂಗಾರಿನ ಕಾಲದಲ್ಲಿ ಅರಬ್ಬೀ ಸಮುದ್ರದ ಉಪ್ಪು ಹೆಚ್ಚಿದ ನೀರು ಶ್ರೀಲಂಕಾವನ್ನು ಬಳಸಿಕೊಂಡು ಕೊಲ್ಲಿಯೊಳಕ್ಕೆ ಹೊಳೆಯಂತೆ ನುಗ್ಗಿ, ಅಲ್ಲಿನ ಸಿಹಿ ಬೆರೆತ ಹಗುರ ನೀರಿನ ಅಡಿಗೆ ಜಾರುತ್ತದೆ. ಮೇಲ್ಪದರವು ಬಿಸಿಯಾಗಿಯೇ ಉಳಿಯುವುದೋ ತಣಿಯುವುದೋ ಎಂಬುದು ಈ ಪದರಗಳ ಕೂಟವನ್ನು ಅವಲಂಬಿಸಿದೆ. ಕೊಲ್ಲಿಯ ಮೇಲೆ ಮೋಡ ಕಟ್ಟುವುದಕ್ಕೆ ಆ ಬಿಸಿಯೇ ಬಂಡವಾಳ. ಚಳ್ಳಕೆರೆಗೆ ಮಳೆ ಕೈಹಿಡಿಯುವುದು ಹೆಚ್ಚಾಗಿ ಭಾದ್ರಪದ ಆಶ್ವಯುಜಗಳಲ್ಲಿ, ಮೂಡಣ ಕೊಲ್ಲಿಯು ಕಣ್ಣು ತೆರೆದಾಗ.

ಹಡಗಿನ ಅಂಕಿಯನ್ನು ಹೊಲದ ಮಾತಾಗಿ ಹೇಳುವವರು ಬೇಕಷ್ಟೆ. ಕಡಲತಳವನ್ನು ಕೊರೆಯುತ್ತಿದ್ದ 'ಜಾಯ್ಡಿಸ್ ರೆಸಲ್ಯೂಷನ್' ಎಂಬ ಅಮೆರಿಕದ ಹಡಗು 2014ರ ಕೊನೆಯಲ್ಲಿ ಮುಂಗಾರಿನ ಪುರಾತನ ಚರಿತ್ರೆಯನ್ನು ಹುಡುಕುತ್ತ ಬಂಗಾಳ ಕೊಲ್ಲಿಗೂ ಬಂದಿತ್ತು. ದಡದ ಜನರಿಗೆ ವಿಜ್ಞಾನವನ್ನು ತಿಳಿಸಲೆಂದೇ ಶಿಕ್ಷಕರನ್ನೂ ಬರಹಗಾರರನ್ನೂ ಕರೆದೊಯ್ಯುವ ಪದ್ಧತಿಯು ಆ ಹಡಗಿನಲ್ಲಿತ್ತು. ನಮ್ಮಲ್ಲಿ ಆ ಕೆಲಸ ಬೇರೊಂದು ಬಗೆಯಲ್ಲಿ ನಡೆದಿದೆ. 1999ರ ಜುಲೈ-ಆಗಸ್ಟಿನಲ್ಲಿ ಬಂಗಾಳ ಕೊಲ್ಲಿಯ ಮುಂಗಾರು ಪ್ರಯೋಗವನ್ನು ರೂಪಿಸಿದವರಲ್ಲಿ ಒಬ್ಬರಾದ ಡಾ. ಸುಲೋಚನಾ ಗಾಡ್ಗೀಳರು, ಅದೇ ಕಾಲದಲ್ಲಿ ಚಳ್ಳಕೆರೆಯ ನೆರೆಯ ಪಾವಗಡ, ಅನಂತಪುರಗಳ ಶೇಂಗಾ ಹೊಲಗಳ ಲೆಕ್ಕದಲ್ಲಿಯೂ ತೊಡಗಿದ್ದರು. ಮಳೆಯಾಶ್ರಯದ ಶೇಂಗಾವನ್ನು ಯಾವಾಗ ಬಿತ್ತಿದರೆ ಬೆಳೆ ಕೈಕೊಡುವ ಭಯ ಕಡಿಮೆ? ಹಲವು ವರ್ಷಗಳ ಮಳೆಯ ದಾಖಲೆಯನ್ನು ಗಣಕಯಂತ್ರಕ್ಕೆ ಕೊಟ್ಟು ಅವರ ತಂಡವು ಪಡೆದ ಉತ್ತರ: ಜೂನ್ 22ರಿಂದ ಆಗಸ್ಟ್ 17ರ ವರೆಗೆ.

ಪಂಚಾಂಗವನ್ನು ತೆರೆದು ನೋಡಿದರೆ ಸೋಜಿಗವಾಗುತ್ತದೆ. ಜೂನ್ 22ರ ಆಸುಪಾಸಿನಲ್ಲಿ ಆರಿದ್ರಾ ಮಳೆ ಹುಟ್ಟುತ್ತದೆ. ಆಗಸ್ಟ್ 17ರ ಸುಮಾರಿಗೆ ಆಶ್ಲೇಷ ಮುಗಿದು ಮಘೆ ಕೂಡುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ಸರಿಯಾಗಿ ನಾಲ್ಕು ಮಳೆಗಳು! ಗಣಕಯಂತ್ರವು ರೈತನ ನಕ್ಷತ್ರದ ಲೆಕ್ಕವನ್ನೇ ಮತ್ತೆ ಒಪ್ಪಿಸಿತೆಂದು ನಗುವವರು ನಗಲಿ. ಬೀಜದ ಸಾಲ ತಂದು ಮುಗಿಲನ್ನು ನೋಡುತ್ತ ನಿಂತವನಿಗೆ, ಪುಷ್ಯದವರೆಗೆ ಕಾದರೂ ಕೆಟ್ಟುಹೋಗಲಿಲ್ಲ ಎಂಬ ಧೈರ್ಯವು ಸಣ್ಣದಲ್ಲ. ಕಾಯಿ ಕಟ್ಟುವ ಹೊತ್ತಿಗೆ ನೆಲದಲ್ಲಿ ಹಸಿ ಇರಬೇಕು; ಮೊದಲ ಮಳೆಗೇ ಆತುರಪಟ್ಟವನು ಎಷ್ಟೋ ಬಾರಿ ಅಲ್ಲಿಯೇ ಸೋಲುತ್ತಾನೆ.

ಆದರೆ ಕುದಾಪುರದಿಂದ ಮುಂದೆ ಸಾಗಿದ ಪ್ರವಾಸಿಯ ಕಣ್ಣಿಗೆ ಉದ್ದಕ್ಕೂ ಬೀಳುವುದು ಗೋಡೆ. ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ 2009ರಿಂದೀಚೆಗೆ ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಸಂದಿತು. ಹುಲ್ಲನ್ನು ನಂಬಿದ್ದ ಕುರಿಗಾರರ, ಕಂಬಳಿ ನೇಯುವವರ ದೂರು ಹಸಿರು ನ್ಯಾಯಮಂಡಳಿಯ ಬಾಗಿಲನ್ನೂ ತಟ್ಟಿತು. ವರವು ಕಾವಲಿನ ವಾಯುಯಾನ ಪರೀಕ್ಷಾ ವಲಯವು 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೋದ ರೆಕ್ಕೆಯುಳ್ಳ ವಾಹನವು 2016ರ ಮೇ 23ರಂದು ತನ್ನ ಮೊದಲ ಹಾರಾಟವನ್ನು ಶ್ರೀಹರಿಕೋಟೆಯಿಂದ ಸುಮಾರು 450 ಕಿಲೋಮೀಟರು ದೂರದ ಕಡಲಿನಲ್ಲಿ ಮುಗಿಸಿತ್ತು; ಗಟ್ಟಿನೆಲದ ಮೇಲೆ ತಾನಾಗಿಯೇ ಇಳಿಯುವುದನ್ನು 2023ರ ಏಪ್ರಿಲ್ 2ರ ಬೆಳಗ್ಗೆ ಇಲ್ಲಿ ತೋರಿಸಿತು. ಹೆಮ್ಮೆಯ ಕೆಲಸ, ಸಂದೇಹವಿಲ್ಲ. ಒಳಗೆ ನಡೆಯುವುದೇನೆಂದು ಗೋಡೆಯ ಹೊರಗಿನ ಕುರಿಗಾರನಿಗೆ ಕನ್ನಡದಲ್ಲಿ ವಿವರಿಸುವ ಹೊಣೆಯನ್ನೂ ಅಷ್ಟೇ ಮುತುವರ್ಜಿಯಿಂದ ಹೊತ್ತಿದ್ದರೆ ಒಳ್ಳೆಯದಿತ್ತು.

ಮೊಳಕಾಲ್ಮೂರಿನ ದಾರಿಯಲ್ಲಿ ಬಯಲು ಮುಗಿದು ಬಂಡೆಗಳ ರಾಜ್ಯ ಆರಂಭವಾಗುತ್ತದೆ. ಮಗ್ಗಗಳ ಸದ್ದನ್ನೂ ರೇಷ್ಮೆ ಸೀರೆಯ ಅಂಗಡಿಗಳನ್ನೂ ಹಿಂದೆ ಬಿಟ್ಟು ಬ್ರಹ್ಮಗಿರಿಯ ಬುಡಕ್ಕೆ ಬಂದರೆ ಅಲ್ಲಿದೆ 'ಅಕ್ಷರ ಗುಂಡು'. 1892ರಲ್ಲಿ ಬಿ. ಎಲ್. ರೈಸರು ಗುರುತಿಸಿದ ಅಶೋಕನ ಶಾಸನ ಅದು. ಅದಕ್ಕೂ ಮೊದಲು ಊರವರು ಆ ಬಂಡೆಯನ್ನು ತೊಳೆದ ನೀರನ್ನು ಔಷಧವೆಂದು ಬಳಸುತ್ತಿದ್ದರಂತೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಓಲೆಯು ಮೊದಲು ಕ್ಷೇಮವನ್ನು ವಿಚಾರಿಸಿ, ಆಮೇಲೆ ಆಜ್ಞೆಯನ್ನು ತಿಳಿಸುತ್ತದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. 'ಲಿಪಿಕಾರ' ಎಂಬ ಮಾತನ್ನು ಮಾತ್ರ ಆತನು ಬ್ರಾಹ್ಮಿಯನ್ನು ಬಿಟ್ಟು ಗಾಂಧಾರದ ಕಡೆಯ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿಯೂ ಅದೇ ರುಜು.

1947ರಲ್ಲಿ ಮಾರ್ಟಿಮರ್ ವೀಲರರು ಇಲ್ಲಿ ಉತ್ಖನನ ಮಾಡಿದಾಗ ಮೇಲಿನ ಪದರದಲ್ಲಿ ಗಾಲಿಗೀರಿನ ಅಲಂಕಾರವಿದ್ದ ಮಡಕೆಯ ಚೂರುಗಳು ದೊರೆತವು. ಎರಡು ವರ್ಷಗಳ ಹಿಂದೆ ಪುದುಚೇರಿಯ ಬಳಿಯ ಅರಿಕಮೇಡು ಎಂಬ ರೇವಿನಲ್ಲಿ, ರೋಮಿನ ಸರಕುಗಳ ಜೊತೆಯಲ್ಲಿ, ಅಂಥವೇ ಚೂರುಗಳನ್ನು ಅವರು ಕಂಡಿದ್ದರು. ಬ್ರಹ್ಮಗಿರಿಯ ಪದರಗಳಿಗೆ ಕಾಲವನ್ನು ಗೊತ್ತುಮಾಡಿದ್ದು ಆ ಸಾಮ್ಯದಿಂದ. ಕಡಲು ಇಲ್ಲಿಗೆ ಆಗಲೇ ಬಂದು ಹೋಗಿತ್ತು. ಸಂಜೆ ಬಂಡೆಗಳು ಕಾವನ್ನು ಬಿಡುವ ಹೊತ್ತಿಗೆ ಪಡುವಣ ಗಾಳಿ ಮತ್ತೆ ಜೋರಾಗುತ್ತದೆ. ಚಿನ್ನಹಗರಿಯ ಕಡೆಯ ಹೊಲಗಳಲ್ಲಿ ಕೂರಿಗೆಯನ್ನು ಹೆಗಲಿಗೇರಿಸಿದ ರೈತರು ಮುಗಿಲನ್ನೊಮ್ಮೆ ನೋಡಿ ಮನೆಯ ಹಾದಿ ಹಿಡಿಯುತ್ತಾರೆ.