ಸೂರು ನೋಡಿ ಮನೆ ಕೊಳ್ಳಿ: ಅರಸೀಕೆರೆಯಿಂದ ಬೇಲೂರಿನವರೆಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು, ಕಟ್ಟಿದ ಮನೆಯನ್ನು ಕೊಳ್ಳುವವರ ಪಾಡನ್ನು ಕುರಿತು ಏನನ್ನೂ ಹೇಳಲಿಲ್ಲ. ಕೊಳ್ಳುವವರು ಹಜಾರದ ಅಗಲ, ಬಾಗಿಲ ಕೆತ್ತನೆ, ಬಾವಿಯ ನೀರು ಎಲ್ಲವನ್ನೂ ನೋಡಿಯಾರು. ತಲೆಯೆತ್ತಿ ಸೂರನ್ನು ನೋಡುವವರು ವಿರಳ. ಆದರೆ ಕಟ್ಟಡಕ್ಕೆ ಮುಪ್ಪು ಬಹುಮಟ್ಟಿಗೆ ನೆತ್ತಿಯಿಂದಲೇ ಇಳಿದು ಬರುತ್ತದೆ. ಈ ಮಾತಿಗೆ ಸಾಕ್ಷಿ ಬೇಕೆಂಬವರು ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಹಳೇಬೀಡನ್ನು ಹಾಯ್ದು, ಬೇಲೂರಿನವರೆಗೆ ಒಮ್ಮೆ ಹೋಗಿಬರಬೇಕು. ಶಿಲ್ಪವೈಭವವನ್ನು ಸವಿಯಲೆಂದು ಜನ ಸಾಗುವ ಈ ದಾರಿಯಲ್ಲಿ ಮನೆ ಕೊಳ್ಳುವವರಿಗೂ ಮೂರು ಪಾಠಗಳುಂಟು.

ಅರಸೀಕೆರೆ ತೆಂಗಿನ ಸೀಮೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರುಗಳ ಕಡೆಗೆ ಹಳಿ ಕವಲೊಡೆಯುವ ಈ ಜಂಕ್ಷನ್ನಿನಲ್ಲಿ ರೈಲು ಬದಲಿಸುವವರು ಬಹಳ. ಊರಿನ ಶಿವಾಲಯವನ್ನು ನೋಡಿ ಹೋಗುವವರು ಕಡಮೆ. ಅದು ಸುಮಾರು 1220ರ ಹೊಯ್ಸಳ ದೇಗುಲ. ಅದರ ಮುಖಮಂಟಪ ನಕ್ಷತ್ರಾಕಾರದ್ದು. ಒಳಗೆ ನಿಂತು ಮೇಲೆ ನೋಡಿದರೆ ಕಲ್ಲಿನ ವರಸೆಗಳು ಸುತ್ತುಸುತ್ತಾಗಿ ಕಿರಿದಾಗುತ್ತ, ಗುಮ್ಮಟದಂತೆ ಮೇಲೇರಿ ಕೂಡುತ್ತವೆ. ಅವುಗಳ ಭಾರವೆಲ್ಲ ಸುತ್ತಲಿನ ಕಂಬಗಳಿಗೆ ಇಳಿಯುತ್ತದೆ. ಸೂರು ಚೆನ್ನಾಗಿದೆಯೇ ಎಂದು ಕೇಳುವ ಮೊದಲು, ಅದರ ಭಾರವನ್ನು ಹೊತ್ತಿರುವುದು ಯಾವುದು ಎಂದು ಕೇಳಬೇಕೆಂಬುದೇ ಮೊದಲನೆಯ ಪಾಠ.

ಹಳೆಯ ಹೆಂಚಿನ ಮನೆಗೆ ಈ ಪಾಠವನ್ನು ಅನ್ವಯಿಸುವುದು ಸುಲಭ. ಬೀದಿಯ ಆಚೆ ಬದಿಗೆ ನಿಂತು ಮಾಡಿನ ನೆತ್ತಿಯ ಗೆರೆಯನ್ನು ನೋಡಬೇಕು. ಅದು ದಾರ ಹಿಡಿದಂತೆ ನೇರವಾಗಿದ್ದರೆ ಸರಿ. ನಡುವೆ ತಗ್ಗಿದ್ದರೆ ಒಳಗಿನ ತೊಲೆ ಬಳಲಿದೆಯೆಂದು ತಿಳಿಯಬೇಕು. ಬಳಿಕ ಒಳಹೊಕ್ಕು, ತೊಲೆ–ಜಂತೆಗಳ ತುದಿ ಗೋಡೆಯನ್ನು ಸೇರುವ ಕಡೆ ದಬ್ಬಣದಿಂದ ಚುಚ್ಚಿ ಪರೀಕ್ಷಿಸಬೇಕು. ತೇವವೂ ಗೆದ್ದಲೂ ಮನೆ ಮಾಡುವುದು ಹೆಚ್ಚಾಗಿ ಅಲ್ಲಿಯೇ. ದಬ್ಬಣ ಸಲೀಸಾಗಿ ಇಳಿದುಹೋದರೆ, ಮೇಲಿನ ಬಣ್ಣ ಎಷ್ಟು ಹೊಳೆದರೂ ಆ ಮರದ ಆಯುಸ್ಸು ಮುಗಿದಂತೆ.

ಜಾವಗಲ್ಲಿನ ಮೇಲೆ ಹಾಯ್ದು ಪಡುವಣಕ್ಕೆ ಸಾಗಿದರೆ ಮಲೆನಾಡಿನ ಸೆರಗು ಹತ್ತಿರವಾಗುತ್ತದೆ. ಹೊಲಗಳ ಹಸುರು ಗಾಢವಾಗುತ್ತದೆ. ಹಳೇಬೀಡಿಗೆ ಬಂದವರೆಲ್ಲ ಹೊಯ್ಸಳೇಶ್ವರನ ಗುಡಿಯ ಮುಂದೆ ಮೈಮರೆಯುತ್ತಾರೆ. ಅಲ್ಲಿಂದ ಅನತಿದೂರದಲ್ಲಿ, ಎರಡನೆಯ ವೀರಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಕಟ್ಟಿಸಿದ ಕೇದಾರೇಶ್ವರ ಶಾಂತವಾಗಿ ನಿಂತಿದೆ. ಶಿಲ್ಪಶಾಸ್ತ್ರದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 19ನೆಯ ಶತಮಾನದಲ್ಲಿ ಈ ಗುಡಿಯನ್ನು ಮನಸಾರೆ ಹೊಗಳಿದನು. ಅದರ ವಿಮಾನದಲ್ಲಿ ಆಲದ ಮರವೊಂದು ಬೇರುಬಿಟ್ಟು ಕಲ್ಲುಗಳನ್ನು ಸಡಿಲಿಸುತ್ತಿರುವುದನ್ನೂ ಬರೆದಿಟ್ಟನು. ಆ ಶಿಖರ ಇಂದು ಇಲ್ಲ. ಹಕ್ಕಿ ತಂದು ಹಾಕುವ ಸಾಸಿವೆಯಷ್ಟು ಬೀಜ ಅರಸರ ಕಲ್ಲನ್ನೇ ಕದಲಿಸಬಲ್ಲುದು!

ಆದ್ದರಿಂದ ತಾರಸಿಯ ಮನೆಯಾದರೆ ಏಣಿಯಿಟ್ಟು ಮೇಲೇರಿ ನೋಡದೆ ಮುಂಗಡ ಕೊಡಕೂಡದು. ಗೋಡೆಯ ಸಂದಿಯಲ್ಲಿ ಅರಳಿಯ ಎರಡೆಲೆ ಕಂಡರೆ ಅದು ಬರಿಯ ಸಸಿಯಲ್ಲ. ಒಳಗೆ ಬಿರುಕಿದೆ, ಬಿರುಕಿನಲ್ಲಿ ನೀರಿದೆ ಎಂಬುದರ ಸುಳಿವು. ಎಲೆ ಕಿತ್ತರೆ ಸಾಲದು. ಬೇರು ತೆಗೆದು ಸಂದಿಗೆ ಗಾರೆ ತುಂಬಬೇಕು. ನೀರು ಎಲ್ಲಿ ನಿಲ್ಲುತ್ತದೆ, ಯಾವ ಕೊಳವೆಯಿಂದ ಹೊರಬೀಳುತ್ತದೆ ಎಂಬುದನ್ನೂ ಗಮನಿಸಬೇಕು. ಕಾಂಕ್ರೀಟ್ ಸೂರಿನ ಒಳಮೈಯಲ್ಲಿ ಕಂದುಬಣ್ಣದ ಕಲೆಯೂ ಉದ್ದನೆಯ ಬಿರುಕೂ ಕಂಡರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿರಬಹುದು. ಮನೆಯೆಲ್ಲ ಹಳೆಯದಾಗಿ ಒಂದು ಮೂಲೆಗೆ ಮಾತ್ರ ಹೊಸ ಸುಣ್ಣ ಬಳಿದಿದ್ದರೆ, ಆ ಮೂಲೆಯ ಕೆಳಗೆ ತುಸು ಹೆಚ್ಚು ಹೊತ್ತು ನಿಲ್ಲುವುದು ಜಾಣತನ.

ಹಳೇಬೀಡಿನಿಂದ ಬೇಲೂರು 16 ಕಿಲೋಮೀಟರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ನೋಡಿದ ಕಣ್ಣು ಶಿಖರವನ್ನು ಹುಡುಕುತ್ತದೆ, ಅಲ್ಲಿ ಶಿಖರವಿಲ್ಲ. ಇಟ್ಟಿಗೆ, ಗಾರೆ, ಮರಗಳಿಂದ ಕಟ್ಟಿ, ಚಿನ್ನದ ಮುಲಾಮಿನ ತಾಮ್ರದ ತಗಡು ಹೊದಿಸಿದ್ದ ಗೋಪುರ ಒಂದು ಕಾಲಕ್ಕೆ ಇತ್ತು. ಕೆಳಗಿನ ಗರ್ಭಗುಡಿಯನ್ನು ಉಳಿಸುವುದಕ್ಕಾಗಿ 1879ರಲ್ಲಿ ಅದನ್ನು ಬಿಚ್ಚಿ ಇಳಿಸಿದರು. ಅದಕ್ಕೂ ಮೊದಲು, ವಿಜಯನಗರದ ಕಾಲದಲ್ಲಿ, 1381ರ ದುರಸ್ತಿಯಲ್ಲಿ ನಾಲ್ಕು ಗ್ರಾನೈಟ್ ಕಂಬಗಳನ್ನು ಸೇರಿಸಿದ್ದರು. ಅಂದವನ್ನು ಬಿಟ್ಟುಕೊಟ್ಟು ಆಧಾರವನ್ನು ಉಳಿಸಿದ ವಿವೇಕ ಇದು.

ಕೊಳ್ಳುವ ಮನೆಯಲ್ಲಿ ತೊಲೆಗೆ ಊರೆಗಂಬ ಕೊಟ್ಟಿದ್ದರೆ ಹೆದರಿ ಓಡಬೇಕಾಗಿಲ್ಲ. ಏಕೆ ಕೊಟ್ಟರು, ಯಾವಾಗ ಕೊಟ್ಟರು ಎಂದು ವಿಚಾರಿಸಬೇಕು. ಹಳೆಯ ಗೋಡೆಯ ಮೇಲೆ ಹೊಸದಾಗಿ ನೀರಿನ ತೊಟ್ಟಿಯನ್ನೋ ಕೋಣೆಯನ್ನೋ ಏರಿಸಿದ್ದರೆ ಮಾತ್ರ ಎಚ್ಚರ ಇಮ್ಮಡಿಯಾಗಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ ಹೆಂಚಿನ ಸಂದುಗಳಲ್ಲಿ ಬೆಳಕಿನ ಚುಕ್ಕೆ ಹುಡುಕುವುದು ಒಂದು ಪರೀಕ್ಷೆ. ಸಾಧ್ಯವಾದರೆ ಒಂದು ದೊಡ್ಡ ಮಳೆಯ ಮಾರನೆಯ ದಿನ ಮತ್ತೆ ಹೋಗಿ ನೋಡುವುದು ಅದಕ್ಕೂ ಮಿಗಿಲು. ಅನುಭವಸ್ಥ ಬಡಗಿಯನ್ನೋ ಮೇಸ್ತ್ರಿಯನ್ನೋ ಕರೆದೊಯ್ದು, ರಿಪೇರಿಯ ಖರ್ಚನ್ನು ಕಾಗದದ ಮೇಲೆ ಬರೆಸಿಕೊಂಡು, ಆಮೇಲೆ ಬೆಲೆಯ ಮಾತಾಡಬೇಕು.

ಬೇಲೂರು, ಹಳೇಬೀಡುಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಸೂರನ್ನು ಕಾಯಲು ಹಿಂದೆ ಅರಸರಿದ್ದರು, ಇಂದು ಸರ್ಕಾರದ ಇಲಾಖೆಯಿದೆ. ಇಪ್ಪತ್ತು ವರ್ಷದ ಉಳಿತಾಯವನ್ನೂ ಮಡದಿಯ ಒಡವೆಯನ್ನೂ ಒಂದುಗೂಡಿಸಿ ಮನೆ ಕೊಳ್ಳುವ ಸಂಸಾರಸ್ಥನಿಗೆ ಅಂಥ ಆಸರೆಯಿಲ್ಲ. ಮೊದಲ ಮಳೆಗಾಲದಲ್ಲಿ ಮಕ್ಕಳ ಹಾಸಿಗೆಯ ಮೇಲೆ ಹನಿ ಬಿದ್ದಾಗ ಪಾತ್ರೆ ಹಿಡಿಯಬೇಕಾದವನು ಅವನೇ.